ಒಂದು ಗಿಟಾರು, ನಾಲ್ವರು ನೌಕರರು

ಒಬ್ಬ ನೌಕರನಿಗೆ ಒಂದು ಟೋಕನ್, ಒಂದು ಸಮವಸ್ತ್ರ ಮತ್ತು ಒಂದು ಅಭಿರುಚಿ ಇರತಕ್ಕದ್ದು ಎಂಬುದು ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯ ಆಡಳಿತ ನೀತಿ. ಇದರಿಂದ ಯಾರಿಗೂ ಅನಾನುಕೂಲವಾದದ್ದಿಲ್ಲ. ೧೯೮೪ರಲ್ಲಿ ತಪಾಸಣಾ ವಿಭಾಗದ ದ್ವಾರಕಾನಾಥರು ಗಿಟಾರ್ ನುಡಿಸಿದಾಗ ಮಾತ್ರ ಸ್ವಲ್ಪ ತೊಡಕಾಯಿತು. ಅದನ್ನೂ ಆಡಳಿತವು ನಿಯಮಾನುಸಾರ ಬಗೆಹರಿಸಿತು.

ದ್ವಾರಕಾನಾಥರ ಕೆಲಸ ಯಂತ್ರದ ಗಿಯರುಗಳನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕಿಡುವುದು. ಆದರೆ ಸಂಗೀತದಲ್ಲಿ ಅವರಿಗೆ ಯಾವುದನ್ನೂ ಪಕ್ಕಕ್ಕಿಡುವ ಅಭ್ಯಾಸವಿರಲಿಲ್ಲ. ತಾಯಿ ವೀಣೆಯಲ್ಲಿ ನುಡಿಸುತ್ತಿದ್ದುದನ್ನು ಗಿಟಾರಿಗೆ ತಂದಿದ್ದರು. ದಂಡು ಪ್ರದೇಶದ ಇಂಗ್ಲಿಷ್ ಬ್ಯಾಂಡಿನವರಿಂದ ಅವರ ಗದ್ದಲವನ್ನು ಕಲಿತಿದ್ದರು. ಚಿಕ್ಕಬಾಣಾವರದಲ್ಲಿ ರೈಲು ತಪ್ಪಿಸಿಕೊಂಡು ತಮಟೆ ಕೇಳುತ್ತಾ ನಿಂತವರು, ಮನೆಗೆ ಬರುವಷ್ಟರಲ್ಲಿ ಆ ಏಟನ್ನೂ ತಂತಿಗೆ ಇಳಿಸಿಕೊಂಡಿದ್ದರು.

ಕಾರ್ಖಾನೆಯ ಲಲಿತಕಲಾ ಸಂಘದ ಕಾರ್ಯದರ್ಶಿಯಾಗಿ ನಾನೇ ಅವರ ಕ್ಯಾಸೆಟ್ಟನ್ನು ಹೊರತಂದೆ. ಅದರಲ್ಲಿ ನಾಲ್ಕು ಕೃತಿಗಳಿದ್ದವು: ಮೊದಲನೆಯದು ಕಲ್ಯಾಣಿ ರಾಗ, ಎರಡನೆಯದು ಇಂಗ್ಲಿಷ್ ಗದ್ದಲ, ಮೂರನೆಯದು ತಮಟೆ ಏಟು, ನಾಲ್ಕನೆಯದು ಬಹಳ ನಿಧಾನವಾಗಿ ಹೋಗುವ, ಯಾವ ಜಾತಿಗೂ ಸೇರದ ಒಂದು ರಾಗ. ವ್ಯಕ್ತಿಪೂಜೆಗೆ ಆಸ್ಪದವಾಗಬಾರದೆಂದು ಹೊದಿಕೆಯ ಮೇಲೆ ‘ಗಿಟಾರ್: ನಮ್ಮ ನೌಕರರು’ ಎಂದಷ್ಟೇ ಅಚ್ಚು ಹಾಕಿಸಲಾಯಿತು.

ಊಟದ ವೇಳೆಯಲ್ಲಿ ಕ್ಯಾಂಟೀನಿನ ಸ್ಪೀಕರಿನಲ್ಲಿ ಅದನ್ನು ಹಾಕಿದೆವು. ಪಕ್ಕದಲ್ಲೇ ಒಂದು ಪ್ರಕಟಣೆ: ‘ಎಲ್ಲಾ ನೌಕರರು ಸಂಗೀತವನ್ನು ಆಲಿಸಿ ಅಭಿಪ್ರಾಯ ಹೊಂದತಕ್ಕದ್ದು. ಅಭಿಪ್ರಾಯ ಇಲ್ಲದವರು ಮೇಲಧಿಕಾರಿಯಿಂದ ಪಡೆಯತಕ್ಕದ್ದು.’

ಅಭಿಪ್ರಾಯಗಳಿಗೆ ಕೊರತೆಯಾಗಲಿಲ್ಲ. ಟೈಪಿಸ್ಟ್ ಸೀತಾಲಕ್ಷ್ಮಿಯವರು ಸಂಗೀತ ಬಲ್ಲವರು. “ಕಲ್ಯಾಣಿ ನುಡಿಸಿದವರು ಪುಣ್ಯಾತ್ಮರು ಕಣ್ರೀ. ಆ ಎರಡನೇದು ನುಡಿಸಿದ ರೌಡಿ ಯಾರು? ಅವನನ್ನ ಇವರ ಹತ್ತಿರ ಕೂರಿಸ್ಬೇಡಿ, ಪಾಪ, ಕೈ ಕೆಟ್ಟು ಹೋಗುತ್ತೆ” ಎಂದರು. ತಗಡು ಒತ್ತುವ ಪ್ರೆಸ್ ಶಾಪಿನ ಹುಡುಗರು, “ಎರಡನೇದು ಸಕ್ಕತ್ ಗುರು! ಆದ್ರೆ ಮೊದಲು ಒಬ್ಬ ತಾತ ಗೊಣಗ್ತಾನಲ್ಲ, ಅವನಿಗೆ ಯಾಕೆ ಚಾನ್ಸ್ ಕೊಟ್ರಿ?” ಎಂದು ಕೇಳಿದರು. ಗೇಟಿನ ಕಾವಲುಗಾರ ಚಿಕ್ಕಬೈರಪ್ಪ ಮೂರನೆಯದನ್ನು ಕೇಳಿ ತಟ್ಟೆ ಕೆಳಗಿಟ್ಟ. “ಇದು ನಮ್ಮ ಕಡೆಯೋನ್ದೇ ಕೈ. ಈ ಏಟು ಬ್ಯಾರೆಯೋರ್ಗೆ ಬರಾಕಿಲ್ಲ. ನಮ್ ಚಿಕ್ಕಪ್ಪನ ಮಗ ಒಬ್ಬ ಮನೆ ಬಿಟ್ಟು ಓಗಿದ್ದ. ಅವ್ನೇ ಇರ್ಬೇಕು” ಅಂದ.

ಜನರಲ್ ಮ್ಯಾನೇಜರ ಪತ್ನಿಯವರು ನಾಲ್ಕನೆಯದನ್ನು ಬಂಗಲೆಯಲ್ಲಿ ಕೇಳಿ ಕಣ್ಣೀರು ಹಾಕಿದರಂತೆ. “ಹೆಂಡತಿ ತೀರಿಹೋಗದೆ ಯಾವ ಗಂಡಸೂ ಹೀಗೆ ನುಡಿಸೋಕಾಗಲ್ಲ” ಎಂದು ಅವರು ಹೇಳಿಕಳಿಸಿದರು. ಬಂಗಲೆಯಿಂದ ಬಂದದ್ದನ್ನು ಅಭಿಪ್ರಾಯವೆಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿಲ್ಲ, ಅದು ನಿಜಸಂಗತಿ.

ಎಲ್ಲವನ್ನೂ ಸಿಬ್ಬಂದಿ ಅಧಿಕಾರಿ ನರಸಿಂಹಯ್ಯನವರ ಮುಂದಿಟ್ಟೆ. ಅವರು ಯಾವುದನ್ನೂ ಅವಸರದಲ್ಲಿ ಅರ್ಥಮಾಡಿಕೊಳ್ಳುವವರಲ್ಲ. ಬಹಳ ಹೊತ್ತು ಯೋಚಿಸಿ, “ಒಬ್ಬ ಪುಣ್ಯಾತ್ಮ, ಒಬ್ಬ ರೌಡಿ, ಒಬ್ಬ ಚಿಕ್ಕಬೈರಪ್ಪನ ದಾಯಾದಿ, ಒಬ್ಬ ವಿಧುರ. ನಾಲ್ಕು ಜನ ಆದ್ರಲ್ರೀ” ಎಂದರು.

“ನಾಲ್ಕನ್ನೂ ನುಡಿಸಿದ್ದು ದ್ವಾರಕಾನಾಥರೇ ಸಾರ್.”

“ಹಾಗಾದ್ರೆ ಒಬ್ಬನೇ ನೌಕರನಿಗೆ ಬಹುಮಾನಾನೂ ಕೊಟ್ಟು ಅಮಾನತೂ ಮಾಡ್ಬೇಕಾಗುತ್ತೆ. ಅದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ಆದ್ದರಿಂದ ಅವರು ಒಬ್ಬರಲ್ಲ.”

ದ್ವಾರಕಾನಾಥರನ್ನು ಕರೆಸಲಾಯಿತು. ಅವರು ಗಿಟಾರ್ ಸಮೇತ ಬಂದು, ನರಸಿಂಹಯ್ಯನವರ ಮೇಜಿನ ಮುಂದೆಯೇ ಕುಳಿತು ನಾಲ್ಕನ್ನೂ ನುಡಿಸಿದರು. ಕಚೇರಿಯ ಟೈಪ್‌ರೈಟರುಗಳೆಲ್ಲ ನಿಂತುಹೋದವು. ಅಂಥ ಕೈ ನಾನು ಕಂಡಿಲ್ಲ. ಐದು ಬೆರಳುಗಳಿಗೂ ಬೇರೆ ಬೇರೆ ಊರಿತ್ತು. ನರಸಿಂಹಯ್ಯನವರು ನಿಷ್ಪಕ್ಷಪಾತವಾಗಿರಲೆಂದು ಕಣ್ಣು ಮುಚ್ಚಿಕೊಂಡು ಕೇಳಿದರು.

“ಚೆನ್ನಾಗಿದೆ. ಆದ್ರೆ ಇದರಿಂದ ಏನೂ ಸಾಬೀತಾಗಲ್ಲ” ಎಂದರು. “ಆ ನಾಲ್ಕು ಜನಾನೂ ಹೀಗೇ ನುಡಿಸ್ತಾರೆ.”

ಮಾರನೆಯ ದಿನ ಆದೇಶಗಳು ಹೊರಬಿದ್ದವು. ಮೊದಲನೆಯವರಿಗೆ ಸನ್ಮಾನ. ಎರಡನೆಯವನು ಕಾರ್ಖಾನೆಯ ಶಾಂತಿ ಕದಡಿದ್ದಕ್ಕಾಗಿ ಅಮಾನತು. ಮೂರನೆಯವನಿಗೆ, ಚಿಕ್ಕಬೈರಪ್ಪನ ಮನೆತನದವನೆಂದು, ಕಾರ್ಖಾನೆಗೆ ಜಮೀನು ಕಳೆದುಕೊಂಡ ಕುಟುಂಬದ ಕೋಟಾದಲ್ಲಿ ನೌಕರಿ. ನಾಲ್ಕನೆಯವರಿಗೆ ಆಡಳಿತ ಮಂಡಳಿಯ ಸಂತಾಪ.

ಸಂತಾಪ ಸೂಚಿಸಲು ನರಸಿಂಹಯ್ಯನವರೊಡನೆ ಹಾರ ಹಿಡಿದು ನಾನೂ ಹೋದೆ. ನಾಲ್ಕನೆಯವರ ವಿಳಾಸ ಸಿಗದ ಕಾರಣ ದ್ವಾರಕಾನಾಥರ ಮನೆಗೇ ಹೋಗಬೇಕಾಯಿತು. ಬಾಗಿಲು ತೆರೆದದ್ದು ಅವರ ಪತ್ನಿ ಸತ್ಯವತಿ.

“ಯಾರು ಹೋದ್ರು ಸಾರ್?” ಹಾರ ನೋಡಿ ಅವರು ಗಾಬರಿಯಾದರು.

“ನೀವೇ, ಅಮ್ಮಾ” ಎಂದರು ನರಸಿಂಹಯ್ಯನವರು, ತಲೆ ತಗ್ಗಿಸಿ.

ಸತ್ಯವತಿ ಹಾರವನ್ನು ಕೈಗೆ ತೆಗೆದುಕೊಂಡು, “ಸರಿ, ಒಳಗೆ ಬನ್ನಿ. ಇರೋವರೆಗೂ ಕಾಫಿ ಮಾಡ್ತೀನಿ” ಎಂದರು.

ಕಾಫಿ ಕುಡಿಯುತ್ತಾ ನರಸಿಂಹಯ್ಯನವರು ಒಳಗಿದ್ದ ದ್ವಾರಕಾನಾಥರ ಮುಂದೆ ಮನಸ್ಸು ಬಿಚ್ಚಿದರು. “ನೋಡಿ ದ್ವಾರಕಾನಾಥ್, ನಿಮ್ಮ ಮೇಲೆ ನಮಗೆ ವಿಶ್ವಾಸ ಇದೆ. ಮೊದಲನೆಯವನು ನಾನೇ ಅಂತ ಒಂದು ಮಾತು ಹೇಳ್ಬಿಡಿ. ಫೋರ್‌ಮನ್ ಜಾಗ ಖಾಲಿ ಇದೆ, ಈ ವಾರವೇ ಆಗುತ್ತೆ. ಮುಂದೆ ಕಲ್ಯಾಣಿ ಬಿಟ್ಟು ಬೇರೇನೂ ನುಡಿಸಬಾರದು, ಅಷ್ಟೇ. ಎರಡನೆಯವನೂ ನಾನೇ ಅಂದ್ರೋ, ಕೆಲಸಾನೇ ಹೋಗುತ್ತೆ.”

ದ್ವಾರಕಾನಾಥರು ಆ ಫೋರ್‌ಮನ್ ಜಾಗಕ್ಕಾಗಿ ಬಹಳ ವರ್ಷಗಳಿಂದ ಕಾದವರು. ಹೆಂಡತಿಯ ಮುಖ ನೋಡಿದರು.

“ಹೇಳಿಬಿಡಲೇನೇ?”

“ಹೇಳಿ, ನನ್ನದೇನಿಲ್ಲ” ಎಂದರು ಸತ್ಯವತಿ. “ಆದ್ರೆ ಆ ಮೂರನೇದು ನುಡಿಸೋವಾಗ ನಿಮ್ಮ ಕಾಲು ತಾನಾಗೇ ಕುಣಿಯುತ್ತಲ್ಲ, ಫೋರ್‌ಮನ್ ಆದ್ಮೇಲೆ ಆ ಕಾಲನ್ನ ಎಲ್ಲಿಡ್ತೀರಿ? ನಾಲ್ಕನೇದಂತೂ ನನಗೇಂತ ಕಟ್ಟಿದ್ದು ಅಂದಿದ್ರಿ. ನಾನು ಸತ್ತಿದ್ದಕ್ಕೆ ಅಂತ ಅಲ್ಲ, ಇದ್ದಿದ್ದಕ್ಕೆ.”

ದ್ವಾರಕಾನಾಥರು ಗೋಡೆಗೆ ಒರಗಿಸಿದ್ದ ಗಿಟಾರನ್ನು ನೋಡುತ್ತಾ ಕುಳಿತರು. ಕೊನೆಗೆ, “ಸಾರ್, ಆ ನಾಲ್ವರಲ್ಲಿ ನಾನು ಯಾರೂ ಅಲ್ಲ. ನಾನು ಗಿಟಾರ್ ಹೊತ್ತುಕೊಂಡು ಬರೋನು” ಎಂದರು.

ನರಸಿಂಹಯ್ಯನವರ ಮುಖ ಅರಳಿತು. “ಇದನ್ನ ಮೊದಲೇ ಹೇಳಬಾರದಿತ್ತೇನ್ರೀ!”

ಅಂದಿನಿಂದ ದ್ವಾರಕಾನಾಥರು ತಪಾಸಣೆಯ ಜೊತೆಗೆ ಸಂಘದ ಅಧಿಕೃತ ಗಿಟಾರ್ ವಾಹಕರಾದರು. ಫೋರ್‌ಮನ್ ಜಾಗ ಬೇರೆಯವರಿಗೆ ಹೋಯಿತು.

ರಾಜ್ಯೋತ್ಸವದ ದಿನ ಶೆಡ್ಡಿನ ಮುಂದೆ ವೇದಿಕೆ ಹಾಕಿ ನಾಲ್ಕು ಕುರ್ಚಿ ಇಡಲಾಯಿತು. ಎರಡನೆಯವನು ಅಮಾನತಿನಲ್ಲಿದ್ದುದರಿಂದ ಅವನ ಕುರ್ಚಿ ಹಿಂದುಮುಂದಾಗಿತ್ತು. ನಾಲ್ವರಲ್ಲಿ ಯಾರೂ ಬರಲಿಲ್ಲ. ಜನರಲ್ ಮ್ಯಾನೇಜರು ಮೊದಲನೇ ಕುರ್ಚಿಗೆ ಶಾಲು ಹೊದಿಸಿ, “ನಿಜವಾದ ಕಲಾವಿದರು ಪ್ರಚಾರದಿಂದ ದೂರ ಇರುತ್ತಾರೆ. ಇವರಂತೂ ಇಲ್ಲವೇ ಇಲ್ಲ” ಎಂದಾಗ ಭಾರೀ ಚಪ್ಪಾಳೆ ಬಿತ್ತು.

ಕಲಾವಿದರು ಬರುವವರೆಗೆ ಹೊತ್ತು ಹೋಗಲೆಂದು ಗಿಟಾರ್ ವಾಹಕರಿಗೆ ನುಡಿಸಲು ಅನುಮತಿ ನೀಡಲಾಯಿತು. ದ್ವಾರಕಾನಾಥರು ಬದಿಯಲ್ಲಿ ನಿಂತುಕೊಂಡೇ ನುಡಿಸಿದರು. ಕಲ್ಯಾಣಿಯಿಂದ ಹೊರಟವರು ಯಾವಾಗ ತಮಟೆಗೆ ಇಳಿದರೋ ಯಾರಿಗೂ ತಿಳಿಯಲಿಲ್ಲ. ಸೀತಾಲಕ್ಷ್ಮಿಯವರ ತಾಳ ಹಾಕುವ ಕೈ ತಪ್ಪಿ ತಮಟೆಯ ಏಟಿಗೂ ಬಡಿಯಿತು. ಚಿಕ್ಕಬೈರಪ್ಪ ಗೇಟು ಬಿಟ್ಟು ಬಂದು ಕುಣಿದ. ನಾಲ್ಕನೆಯದಕ್ಕೆ ಪ್ರೆಸ್ ಶಾಪಿನ ಹುಡುಗರು ಅತ್ತರು. ಸತ್ಯವತಿ ಮೊದಲ ಸಾಲಿನಲ್ಲಿ ಕುಳಿತು, ಮೃತರಿಗೆ ಶೋಭಿಸದ ರೀತಿಯಲ್ಲಿ ನಗುತ್ತಿದ್ದರು.

ಮುಗಿದ ಮೇಲೆ ಎಂದಿನಂತೆ ಅಭಿಪ್ರಾಯ ಸಂಗ್ರಹಿಸಲಾಯಿತು.

“ಕೈ ಚುರುಕಾಗಿದೆ, ಆದ್ರೆ ಸ್ವಂತ ಶೈಲಿ ಇಲ್ಲ” ಎಂದರು ಸೀತಾಲಕ್ಷ್ಮಿ. “ನಾಲ್ಕು ಜನರನ್ನೂ ನಕಲು ಮಾಡ್ತಾರೆ.”

“ಸುಮಾರಾಗ್ ಬಾರ್ಸ್ದ” ಎಂದ ಬೆವರು ಒರೆಸಿಕೊಳ್ಳುತ್ತಿದ್ದ ಚಿಕ್ಕಬೈರಪ್ಪ. “ನಮ್ ಉಡುಗನ ಮುಂದೆ ಏನೂ ಅಲ್ಲ, ಬುಡಿ.”

ದ್ವಾರಕಾನಾಥರೂ ಇದನ್ನು ಒಪ್ಪಿಕೊಂಡರು. ಮಾರನೆಯ ದಿನವೇ, ಆ ನಾಲ್ವರಲ್ಲಿ ಶಿಷ್ಯನಾಗಿ ಕಲಿಯಲು ಅನುಮತಿ ಬೇಕೆಂದು ನರಸಿಂಹಯ್ಯನವರಲ್ಲಿ ಕೇಳಿಕೊಂಡರು. ಅಭ್ಯಾಸಕ್ಕಾಗಿ ಪ್ರತಿ ಶನಿವಾರ ಮಧ್ಯಾಹ್ನ ರಜೆ ಮಂಜೂರಾಯಿತು. ಈಗ ಶನಿವಾರಗಳಂದು ಅವರ ಮನೆಯಿಂದ ನಾಲ್ಕೂ ಬಗೆಯ ಸಂಗೀತ ಕೇಳಿಬರುತ್ತದೆ. ಆ ದಾರಿಯಲ್ಲಿ ಹೋಗುವ ನಮ್ಮ ನೌಕರರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಒಳಗಿರುವ ಗುರುಗಳಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಶಿಷ್ಯನೂ ಪರವಾಗಿಲ್ಲ, ಸುಧಾರಿಸುತ್ತಿದ್ದಾನೆ ಎಂಬುದು ಸದ್ಯದ ಅಭಿಪ್ರಾಯ.