ತಾನಾಗಿ ಇಳಿಯುವ ಬಕೆಟ್ಟು

"ಆ ಲೋಡರ್ ಜೋಡಿನ ಸಂಸಾರ ಮಾಡ್ರಿ!" ಎಂದು ನನ್ನ ಹೆಂಡತಿ ಶಾಂತಾ ಕುಷ್ಟಗಿಯ ತವರಿಗೆ ಹೊರಟಾಗ ನಾನು ಎಳ್ಳಷ್ಟೂ ಅಳುಕಲಿಲ್ಲ. ಟ್ರ್ಯಾಕ್ಟರಿನ ಮುಂದೆ ಮಣ್ಣೆತ್ತುವ ಲೋಡರ್ ಕೂರಿಸಿದವನು, ಒಬ್ಬನೇ ಇರಲಾರೆನೇ? ಎರಡೇ ದಿನಕ್ಕೆ ಸಿದ್ದಾಪುರದ ಹೊರಗಿನ ನಮ್ಮ ಹೊಲದ ಮನೆಯಲ್ಲಿ ಎಮ್ಮೆಯನ್ನು "ಊಟಾ ಆತೇನು?" ಎಂದು ಕೇಳತೊಡಗಿದೆ.

ಫೋನ್ ಮಾಡೋಣವೆಂದರೆ ಅಲ್ಲಿ ನೆಲದ ಮೇಲೆ ನೆಟ್‌ವರ್ಕ್ ಇಲ್ಲ. ಊರೊಳಗೆ ಹೋಗಿ ಮಾತಾಡಿದರೆ ಹತ್ತು ಜನ ಕೇಳುತ್ತಾರೆ. ಆಗ ಹೊಳೆಯಿತು ಉಪಾಯ! ಲೋಡರಿನ ಬಕೆಟ್ಟನ್ನು ಮೇಲೆತ್ತಿ, ಎಂಜಿನ್ ಆರಿಸಿ, ಏಣಿ ಹತ್ತಿ ಒಳಗೆ ಕುಳಿತೆ. ಸಿಗ್ನಲ್ ಬಂತು. ಶಾಂತಾಳೂ ಸಿಕ್ಕಳು.

ಮೊದಲು ಬೈದಳು. ಬೈಗುಳ ಮುಗಿಸಿ, "ನೋಡ್ರಿ, ಖರೇ ಹೇಳ್ಬೇಕಂದ್ರ..." ಎನ್ನುವಷ್ಟರಲ್ಲಿ ಬಕೆಟ್ಟು ಮೆಲ್ಲಗೆ ಕೆಳಗಿಳಿದು ಸಿಗ್ನಲ್ ಹೋಯಿತು! ಏಣಿಯೂ ಜಾರಿ ಬಿತ್ತು. ಬಿದ್ದರೇನು, ಬಕೆಟ್ಟೇ ನನ್ನನ್ನು ಅಂಗಳಕ್ಕೆ ಇಳಿಸಿತ್ತಲ್ಲ! ಮರುದಿನದಿಂದ, ಏಣಿ ಇಳಿಯುವ ಬಕೆಟ್ಟಿನ ಕೆಳಗೆ ಸಿಕ್ಕಿ ಮುರಿಯಬಾರದೆಂದು, ಹತ್ತಿದೊಡನೆ ನಾನೇ ಅದನ್ನು ಕಾಲಿನಿಂದ ನೂಕುತ್ತಿದ್ದೆ. ಆದರೆ ಆ ಮಾತು ಮಾತ್ರ ದಿನಾಲೂ ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನು ಬರುವುದೇ ಇಲ್ಲ ಎನ್ನುತ್ತಾಳೋ ಏನೋ ಎಂಬ ಹೆದರಿಕೆ ನನಗೆ.

ಆದ್ದರಿಂದ ದುರಸ್ತಿಯ ಮಹಾಕಾರ್ಯವನ್ನು ಸ್ವತಃ ಕೈಗೆತ್ತಿಕೊಂಡೆ. ಹೈಡ್ರಾಲಿಕ್ ಎಣ್ಣೆ ತುಂಬಿಸಿದೆ; ಬಕೆಟ್ಟು ಇಳಿಯಿತು. ಎರಡೂ ಸಿಲಿಂಡರ್ ಬಿಚ್ಚಿ ಹೊಸ ಸೀಲು ಹಾಕಿದೆ. ನನಗೆ ಅಭ್ಯಂಜನವಾಯಿತು, ಬಕೆಟ್ಟು ಮತ್ತೆ ಇಳಿಯಿತು! ಕೊನೆಗೆ ಗಂಗಾವತಿಯಿಂದ ಮೆಕ್ಯಾನಿಕ್ ಹುಸೇನಸಾಬರನ್ನು ಕರೆಸಿದೆ. ಅವರು ಎತ್ತಿದ ಬಕೆಟ್ಟಿಗೆ ಆಧಾರ ಕೊಟ್ಟು, ಸಿಲಿಂಡರುಗಳ ಪೈಪು ಬಿಚ್ಚಿ, ಅವುಗಳ ಬಾಯಿ ಬಂದ್ ಮಾಡಿ, ಆಧಾರ ತೆಗೆದರು. ಬಕೆಟ್ಟು ಕದಲಲಿಲ್ಲ.

"ಸಿಲಿಂಡರ್ ಛಲೋ ಅದಾವ್ರಿ ಅಣ್ಣಾರ. ಬಕೆಟ್ ಎತ್ತೋ ಲಿವರ್ ಕೆಳಗಿನ ವಾಲ್ವಿನ್ಯಾಗ ಎಣ್ಣಿ ಸೋರಾಕತ್ತೈತಿ. ಸುಮ್ನ ಬಿಚ್ಚೀರಿ!"

ವಾಲ್ವ್ ಬದಲಾಯಿಸಿ ಅವರು ಹೋದರು. ನಾನು ಬಕೆಟ್ಟೆತ್ತಿ ಹತ್ತಿದೆ. ಹತ್ತು ನಿಮಿಷವಾದರೂ ಬಕೆಟ್ಟು ಅಲ್ಲಾಡಲಿಲ್ಲ. ಶಾಂತಾಳ ಮಾತು ಮೊದಲ ಸಲ ಪೂರ್ತಿಯಾಯಿತು.

"ಬಂದು ಕರಕೊಂಡ ಹೋಗ್ರಿ ಅಂತ ವಾರದಿಂದ ಹೇಳಾಕ ಹೋಗ್ತೀನಿ, ಫೋನ್ ಕಟ್ ಮಾಡ್ತೀರಿ! ನಂಗೂ ಇಲ್ಲಿ ಹೊತ್ತ ಹೋಗವಲ್ದು."

"ಈಗ ಹೊಂಟೆ ನೋಡು!" ಎಂದು ಎದ್ದು ನಿಂತೆ. ಅಭ್ಯಾಸಬಲದಿಂದ ನಾನೇ ನೂಕಿದ್ದ ಏಣಿ ಅಂಗಳದಲ್ಲಿ ಅಂಗಾತ ಮಲಗಿತ್ತು. ಜಿಗಿಯಲು ಮೊಣಕಾಲು ಒಪ್ಪಲಿಲ್ಲ. ಸುತ್ತ ಭತ್ತದ ಗದ್ದೆ, ನರಪಿಳ್ಳೆ ಇಲ್ಲ. ಎಮ್ಮೆ ಮಾತ್ರ ತಲೆಯೆತ್ತಿ ನೋಡಿತು.

"ಶಾಂತಾ," ಎಂದೆ, "ನೀನ ಬಂದು ನನ್ನ ಮನಿಗೆ ಕರಕೊಂಡ ಹೋಗು. ಮೊದಲ ಏಣಿ ಹಚ್ಚು."