ಮಾವಿನ ತೋಪಿಗೆ ಕೇಳಿಸಬೇಕಾದ ಮಾತು

ಅಫ್ಸರ್ ಪಾಷಾ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಅಲ್ಲಾಡಿಸುತ್ತಾ ಒಂದೊಂದು ಸುತ್ತನ್ನೂ ಎಣಿಸುತ್ತಿದ್ದ. ಎಣಿಕೆ ಸಾವಿರ ದಾಟಿ ಇನ್ನೇನು ದಡ ಸೇರಬೇಕು ಅನ್ನುವಾಗ ಬಾಗಿಲಲ್ಲಿ ಪಕ್ಕದ ಮನೆ ಅಂಕಮ್ಮನ ತಲೆ ಕಾಣಿಸಿತು.

"ಪಾಸಾ, ನನ್ ಕೆಂಪು ಕೋಳಿ ಇತ್ಲಾಗೇನಾರ ಬಂತಾ?"

ಅಫ್ಸರ್ ತಲೆಯನ್ನಷ್ಟೇ ಅಲ್ಲಾಡಿಸಿದ. ತುಟಿ ಎಣಿಸುತ್ತಲೇ ಇತ್ತು.

"ತಲೆ ಅಳ್ಳಾಡ್ಸಿದ್ರೆ ಬಂತು ಅಂತಾನೋ ಬರ್ನಿಲ್ಲ ಅಂತಾನೋ? ಬಾಯಿ ಬುಟ್ಟು ಏಳಾಕೇನು ನಿಂಗೆ?"

"ಬರ್ನಿಲ್ಲ ಕಣಮ್ಮೋ!"

ಅಷ್ಟೇ. ಎಣಿಕೆ ಕೋಳಿಯ ಹಿಂದೆಯೇ ಹಾರಿಹೋಯಿತು.

ಬಿಚ್ಚಿ ಮೊದಲಿಂದ ಸುತ್ತಲು ಹೊತ್ತಿರಲಿಲ್ಲ. ಕಡಿಮೆ ಬೀಳುವುದಕ್ಕಿಂತ ಹೆಚ್ಚಾಗಲಿ ಎಂದುಕೊಂಡು, ಎಷ್ಟು ಜನ ನೆಂಟರು ಬರುತ್ತಾರೋ ಗೊತ್ತಿಲ್ಲದ ಮನೆಯಲ್ಲಿ ಎಸರಿಗೆ ಅಕ್ಕಿ ಸುರಿಯುವ ಹಾಗೆ, ಅವನು ಇನ್ನಷ್ಟು, ಮತ್ತಷ್ಟು ತಂತಿ ಸುತ್ತಿ ಗಂಟು ಹಾಕಿದ.

ಯುದ್ಧ ಮುಗಿದಿದ್ದರೂ ಪೆಟ್ರೋಲು ಇನ್ನೂ ರೇಷನ್ನಿನಲ್ಲಿದ್ದು, ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಮದ್ದೂರಿನಲ್ಲಿ ಪೆಟ್ರೋಮ್ಯಾಕ್ಸು, ಗ್ರಾಮಫೋನು ರಿಪೇರಿ ಮಾಡಿಕೊಂಡಿದ್ದ ಅಫ್ಸರನಿಗೆ ಈ ಆಂಪ್ಲಿಫೈಯರಿನ ಹುಚ್ಚು ಹತ್ತಿದ್ದು ಆಮಿನಾಳಿಂದ. ಆಮಿನಾ ಎಂದರೆ ಮಳವಳ್ಳಿ ಬಸ್ಸಿನ ಮಾಲೀಕ, ಡ್ರೈವರು, ಮೆಕ್ಯಾನಿಕ್ಕು ಮೂರೂ ಆಗಿದ್ದ ವಹಾಬ್ ಸಾಹೇಬರ ಮಗಳು. ಅಫ್ಸರನ ತಾಯಿ ಸರ್ವರ್ ಬೇಗಂ ಹೆಣ್ಣು ಕೇಳಲು ಹೋದಾಗ ವಹಾಬ್ ಮೀಸೆ ತೀಡಿ ಹೇಳಿದ್ದರು: "ನಿಮ್ ಹುಡುಗ ಮಾತಾಡೋ ಪೆಟ್ಟಿಗೆ ಮಾಡ್ತೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾನಂತೆ. ಸರಿ. ಅವನು ಅಂಗಡೀಲಿ ಕೂತು ಮಾತಾಡ್ಲಿ, ಮಳವಳ್ಳಿ ರಸ್ತೆ ಮಾವಿನ ತೋಪಿನ ಹತ್ರ ಬಸ್ಸಲ್ಲಿ ಬರ್ತಿರೋ ನನಗೆ ಕೇಳಿಸ್ಲಿ. ಆಮೇಲೆ ಮಿಕ್ಕಿದ್ದು."

ಅಲ್ಲಿಂದ ಅಫ್ಸರನಿಗೆ ಊಟ ರುಚಿಸಲಿಲ್ಲ. ಬೆಂಗಳೂರಿನ ದಂಡಿಗೆ ಹೋಗಿ ಮಿಲಿಟರಿಯವರು ಹರಾಜು ಹಾಕಿದ್ದ ವಾಲ್ವುಗಳನ್ನು ಮೊಟ್ಟೆಗಳಂತೆ ಹುಲ್ಲಿನಲ್ಲಿ ಸುತ್ತಿಕೊಂಡು ತಂದ. ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ ಬೆಸೆದು ಆನೆಯೂ ತಲೆ ತೂರಿಸಬಹುದಾದ ಕಹಳೆಯೊಂದನ್ನು ಮಾಡಿದ. ಯಾರೋ ಎಸೆದಿದ್ದ ಟೆಲಿಫೋನಿನಿಂದ ಮಾತಾಡುವ ಬಿಲ್ಲೆ ಕಿತ್ತು ಮೈಕು ಮಾಡಿದ. ಇವತ್ತೇ ಕೊನೆಯ ದಿನ. ನಾಳೆ ಚನ್ನಪಟ್ಟಣದಿಂದ ಬೇರೊಂದು ಸಂಬಂಧದವರು ಆಮಿನಾಳನ್ನು ನೋಡಲು ಬರುವವರಿದ್ದರು.

ಬಿಸಿಲೇರುವ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಯಿತು. ಕಹಳೆಯನ್ನು ಸೂರಿನ ಮೇಲೆ ಕಟ್ಟಿದ್ದನ್ನು ಕಂಡ ಕೂಡಲೇ ಬೀದಿ ನೆರೆಯಿತು. ಎದುರಿನ ದರ್ಜಿ ಸಿದ್ದರಾಮು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಹೋಟೆಲಿನ ಮಹದೇವಯ್ಯ ಜಾಲರಿ ಸೌಟು ಹಿಡಿದುಕೊಂಡೇ ಬಂದ.

"ಪಾಷಾ, ಕರೆಂಟು ಮೇಲಕ್ ಅತ್ತುತ್ತೇನ್ಲಾ? ಕಹಳೆ ಕೆಳಗಿಟ್ಕ," ಎಂದ ಸಿದ್ದರಾಮು.

"ಅದ್ಕೊಂದ್ ನಿಂಬೆಹಣ್ಣು ಕುಯ್ದಿಡಿ," ಎಂದ ಮಹದೇವಯ್ಯ.

ಅಫ್ಸರ್ ಬಿಸ್ಮಿಲ್ಲಾ ಎಂದು ಸ್ವಿಚ್ಚು ಒತ್ತಿದ. ವಾಲ್ವುಗಳು ಕೆಂಪಗೆ ಕಣ್ಣು ಬಿಟ್ಟವು. ಹೋಟೆಲಿನ ದೀಪ ಮಂಕಾಯಿತು. ಪೆಟ್ಟಿಗೆ ಒಳಗೊಳಗೇ ಗುಂಯ್ ಎಂದಿತು. ಅವನು ಮೈಕನ್ನು ಬಾಯಿಯ ಹತ್ತಿರ ತಂದು ಇನ್ನೂ ಉಸಿರೆಳೆದುಕೊಳ್ಳುತ್ತಿದ್ದಂತೆಯೇ, ಸೂರಿನ ಮೇಲಿನ ಕಹಳೆ ನೂರು ಹಂದಿಗಳ ಬಾಲವನ್ನು ಒಟ್ಟಿಗೆ ತುಳಿದ ಹಾಗೆ ಕಿರುಚಿಕೊಂಡಿತು.

ಬೀದಿ ಅರೆಗಳಿಗೆಯಲ್ಲಿ ಖಾಲಿಯಾಯಿತು. ಎಮ್ಮೆಯೊಂದು ಗೂಟ ಕಿತ್ತುಕೊಂಡು ನೇರವಾಗಿ ಹೋಟೆಲಿನೊಳಕ್ಕೆ ನುಗ್ಗಿತು. ವಡೆ ತಿನ್ನುತ್ತಿದ್ದವರು ಎಲೆಯ ಸಮೇತ ಹಿತ್ತಿಲ ಬಾಗಿಲಿನಿಂದ ಹೊರಬಿದ್ದರು. "ಬಾಂಬು ಆಕವ್ರೆ ಕಣ್ರಪ್ಪೋ!" ಎಂದು ಯಾರೋ ಗಾಡಿಯ ಕೆಳಗೆ ತೂರಿಕೊಂಡರು.

ಮೈಕೂ ಕಹಳೆಯೂ ಎದುರುಬದುರಾದರೆ ಕಿರುಚುತ್ತದೆಂದು ಅಫ್ಸರನಿಗೆ ಹೊಳೆಯಿತು. ಸೂರು ಹತ್ತಿ ಕಹಳೆಯನ್ನು ಮಾವಿನ ತೋಪಿನ ಕಡೆಗೆ ತಿರುಗಿಸಿದ. ಇಳಿದು ಬರುವಷ್ಟರಲ್ಲಿ ಅಂಕಮ್ಮ ಮೈಕು ಹಿಡಿದಿದ್ದಳು.

"ಬಾ ಬಾ ಬಾ ಬಾ ಬಾ! ಕೊಕ್ಕೊಕ್ಕೊಕ್ಕೋ!"

ಆ ಕೂಗು ಸೂರಿನಿಂದ ಸೂರಿಗೆ ಜಿಗಿದು ಊರು ದಾಟಿತು. ಬಂದದ್ದು ಒಂದು ಕೋಳಿಯಲ್ಲ. ಬೇಲಿ ಹಾರಿ, ಚರಂಡಿ ದಾಟಿ ಊರಿನ ಕೋಳಿಗಳೆಲ್ಲಾ ಮದುವೆ ಊಟಕ್ಕೆ ಬಂದಂತೆ ಬಂದವು. ಅವುಗಳ ಹಿಂದೆ ಅವುಗಳ ಯಜಮಾನಿಯರು ಪೊರಕೆ ಹಿಡಿದು ಬಂದರು.

"ಬಿಸಿ ವಡೆ! ಮಹದೇವಯ್ಯನ ಹೋಟ್ಲು! ಎಮ್ಮೆ ಹೊಂಟೋಯ್ತು, ಎಲ್ಲಾರೂ ಬನ್ನಿ!" ಎಂದು ಮಹದೇವಯ್ಯ ಮೈಕಿಗೆ ಬಾಯಿ ಹಚ್ಚಿದ. ಸಿದ್ದರಾಮು ಅದನ್ನು ಕಿತ್ತುಕೊಂಡು, ಹೊಲಿಯಲು ಕೊಟ್ಟ ಕುಪ್ಪಸಗಳನ್ನು ಒಯ್ಯದವರ ಹೆಸರುಗಳನ್ನು ಸುತ್ತಳತೆಯ ಸಮೇತ ಊರಿಗೆಲ್ಲಾ ಓದಿ ಹೇಳಿದ. ಪೊರಕೆಗಳು ಕೋಳಿಗಳನ್ನು ಬಿಟ್ಟು ಅವನ ಕಡೆಗೆ ತಿರುಗಿದವು.

ಅಫ್ಸರ್ ಸಿದ್ದರಾಮುವನ್ನು ಮೈಕಿನ ಸಮೇತ ಅಂಗಡಿಯೊಳಕ್ಕೆ ಎಳೆದುಕೊಂಡು, ಬಾಗಿಲ ಹಲಗೆಗಳನ್ನು ಜೋಡಿಸಿ ಅಗುಳಿ ಹಾಕಿದ. ಬಸ್ಸು ತೋಪಿಗೆ ಬರುವ ಹೊತ್ತಿಗೆ ಸಲಾಂ ಹೇಳಿದರಾಯಿತು, ಅಲ್ಲಿಯತನಕ ಪೆಟ್ಟಿಗೆ ತಣ್ಣಗಾಗಲಿ ಎಂದು ಸ್ವಿಚ್ಚು ಆರಿಸಿದ. ಕಾವಿಗೆ ಸ್ವಿಚ್ಚು ಒಳಗೇ ಕರಗಿ ಅಂಟಿಕೊಂಡದ್ದು ಅವನಿಗೆ ತಿಳಿಯಲಿಲ್ಲ. ಕಿರುಚಾಟಕ್ಕೆ ಇಬ್ಬರ ಕಿವಿಯಲ್ಲೂ ಜೀರುಂಡೆ ಹೊಕ್ಕಂತಾಗಿ, ಅವರು ಎದುರೆದುರು ಕೂತು ಅರಚಿಕೊಂಡೇ ಮಾತಾಡಬೇಕಾಯಿತು.

"ವಹಾಬ್ ಸಾಬ್ರು ಒಪ್ತಾರೇನ್ಲಾ?" ಎಂದು ಸಿದ್ದರಾಮು ಅರಚಿದ.

"ಒಪ್ದೆ ಏನ್ ಮಾಡ್ತಾರೆ?" ಅಫ್ಸರನಿಗೆ ಬೆಳಗಿನಿಂದ ತಡೆದಿದ್ದ ಸಿಟ್ಟೆಲ್ಲಾ ಒತ್ತರಿಸಿ ಬಂತು. "ದೊಡ್ಡ ಮನುಷ್ಯ! ಅದೇನ್ ಬಸ್ಸಾ? ಇದ್ದಿಲು ಒಲೆಗೆ ನಾಕ್ ಚಕ್ರ ಕಟ್ಟವ್ರೆ! ಮಳವಳ್ಳಿಗೆ ಟಿಕೀಟು ತಗಂಡೋರು ಅರ್ಧ ದಾರಿ ತಳ್ಕೊಂಡೇ ಓಗ್ಬೇಕು. ಆ ಮೀಸೆ ನೋಡಿದ್ದೀಯಾ? ಎರಡು ಅಳಿಲು ಮೂಗಿನೊಳಗೆ ತೂರ್ಕೊಂಡು ಬಾಲ ಮಾತ್ರ ಹೊರಗೆ ಬಿಟ್ಟಂಗದೆ! ಆಮಿನಾ ಮುಖ ನೋಡ್ಕೊಂಡು ಸುಮ್ಕಿವ್ನಿ. ಇಲ್ದಿದ್ರೆ ಆ ಮನುಷ್ಯನ್ನ ಮಾವ ಅನ್ನೋದ್ಕಿಂತ ಹೋಟ್ಲಿಗೆ ನುಗ್ಗಿದ ಎಮ್ಮೇನೇ ಮಾವ ಅಂದೇನು!"

ಬಾಗಿಲ ಹಲಗೆ ಬಡಿದ ಸದ್ದು. ಸಂದಿಯಲ್ಲಿ ಅಂಕಮ್ಮನ ಒಂದು ಕಣ್ಣು.

"ಪಾಸಾ, ಮೆಲ್ಲುಕೆ ಮಾತಾಡಪ್ಪ! ಬೀದಿಗೆಲ್ಲಾ ಕೇಳುಸ್ತಾ ಅದೆ. ಅಳಿಲು ಸಂದಾಗಿತ್ತು ಬುಡು."

ಅಫ್ಸರ್ ತಿರುಗಿ ನೋಡಿದ. ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ತಂತಿಯನ್ನು ಕಿತ್ತೆಸೆದು ಬಾಗಿಲು ತೆರೆದ. ಬೀದಿಯ ತುಂಬಾ ಜನ ಬಾಯಿ ತೆರೆದುಕೊಂಡು ನಿಂತಿದ್ದರು. ದೂರದಲ್ಲಿ, ಮಾವಿನ ತೋಪಿನ ಮೇಲೆ, ಇದ್ದಿಲ ಬಸ್ಸಿನ ಕರಿ ಹೊಗೆ ಏಳುತ್ತಿತ್ತು.

"ತೋಪಿನ ತಾವ್ಲೇ ಬಂದೈತೆ ಕಣ್ಲಾ ಬಸ್ಸು," ಎಂದ ಸಿದ್ದರಾಮು, ಸಾವಿನ ಮನೆಯಲ್ಲಿ ಮಾತಾಡುವವನಂತೆ.

"ನನ್ನ ಮಾತು ಕೇಳಿಸಿರುತ್ತಾ?"

"ಬೆಸಗರಹಳ್ಳಿಗೂ ಕೇಳ್ಸಿರ್ತದೆ," ಎಂದ ಮಹದೇವಯ್ಯ ಹೆಮ್ಮೆಯಿಂದ.

ಅಫ್ಸರನಿಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಹೊಸಿಲಲ್ಲೇ ಕೂತ. ಕೇಳಿಸದಿದ್ದರೆ ಪಂದ್ಯ ಸೋತ ಹಾಗೆ, ಕೇಳಿಸಿದ್ದರೆ ಪ್ರಾಣವೇ ಹೋದ ಹಾಗೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳುವುದೆಂದು ತಿಳಿಯದೆ ಅವನು ಬರೀ ಅಲ್ಲಾ, ಅಲ್ಲಾ ಎನ್ನುತ್ತಿದ್ದ.

ಬಸ್ಸು ತಗಡಿನ ಅಂಗಡಿಯೊಂದು ಉರುಳಿಕೊಂಡು ಬಂದಂತೆ ಗಡಗಡಿಸುತ್ತಾ ಬಂದು ನಿಂತಿತು. ಮುಖದ ತುಂಬಾ ಮಸಿ ಬಳಿದುಕೊಂಡ ವಹಾಬ್ ಇಳಿದು ನೇರವಾಗಿ ಅಂಗಡಿಗೇ ಬಂದರು. ಬೀದಿಯಲ್ಲಿ ಕೋಳಿಗಳದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಅಫ್ಸರ್," ಎಂದರು. "ಕೇಳಿಸ್ತು."

ಅಫ್ಸರ್ ಹೊಸಿಲಿನಿಂದ ಎದ್ದು ನಿಂತ.

"ತೋಪಿನ ಹತ್ರಾನೇ ಕೇಳಿಸ್ತು. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸ್ತು. ಬಸ್ಸಲ್ಲಿದ್ದೋರೂ ಕೇಳಿಸ್ಕೊಂಡ್ರು." ವಹಾಬ್ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಮೀಸೆ ತೀಡಿದರು. "ಏನ್ ಮಾತಾಡ್ದೆ! ಮನಸ್ಸಿಗೆ ನಾಟ್ತು. ಸಾಯಂಕಾಲ ನಿಮ್ಮ ಅಮ್ಮೀನ ಕರ್ಕೊಂಡು ಮನೆಗೆ ಬಾ. ಮಾತಾಡೋದಿದೆ."

ಠಾಣೆಯಿಂದ ಬುಲಾವು ಬಂದಂತೆ ಕೇಳಿಸಿತು ಅಫ್ಸರನಿಗೆ. ತಾಯಿಯ ಮುಂದೆ, ಆಮಿನಾಳ ಮುಂದೆ ಒಂದೊಂದೇ ಮಾತನ್ನು ಎತ್ತಿ ಆಡುತ್ತಾರೆ ಇವರು! ಅದಕ್ಕಿಂತ ಇಲ್ಲೇ ಮುಗಿಯಲಿ ಎಂದು ಅವನು ವಹಾಬರ ಕಾಲು ಹಿಡಿದ.

"ಚಾಚಾ, ತಪ್ಪಾಯ್ತು! ಬಸ್ಸನ್ನ ಇದ್ದಿಲು ಒಲೆ ಅಂದಿದ್ದು ತಪ್ಪು! ಅರ್ಧ ದಾರಿ ತಳ್ಬೇಕು ಅಂದಿದ್ದೂ ತಪ್ಪು!"

ಸಿದ್ದರಾಮು ಹಿಂದಿನಿಂದ ಅವನ ಅಂಗಿ ಜಗ್ಗಿದ. ಅಫ್ಸರ್ ಕೈ ಕೊಡವಿದ.

"ಬಿಡೋ, ಎಲ್ಲಾ ಕೇಳಿಸ್ಕೊಂಡವ್ರೆ, ಮುಚ್ಚಿಟ್ಟು ಏನ್ ಪ್ರಯೋಜನ? ಚಾಚಾ, ಮೂಗಿಗೆ ಅಳಿಲು ತೂರ್ಕೊಂಡಂಗೆ ಅಂದಿದ್ದೂ ನಾನೇ!"

"ಎಮ್ಮೆ ಇಸ್ಯ ಬುಟ್ಬುಟ್ಟೆ ಕಣಪ್ಪ," ಎಂದು ಅಂಕಮ್ಮ ಸಹಾಯಕ್ಕೆ ಬಂದಳು.

"ಹೂಂ, ಎಮ್ಮೆ! ನಿಮ್ಮನ್ನ ಮಾವ ಅನ್ನೋದ್ಕಿಂತ ಎಮ್ಮೇನ ಅಂದೇನು ಅಂದ್ಬಿಟ್ಟೆ. ಸಿಟ್ಟಲ್ಲಿ ಅಂದಿದ್ದು ಚಾಚಾ. ನಿಮ್ಮ ಕೈಯಾರೆ ನಾಕು ಬಾರಿಸಿ, ಆದ್ರೆ ಆಮಿನಾಗೆ ಹೇಳ್ಬೇಡಿ!"

ವಹಾಬರ ಕೈ ಮೆಲ್ಲಗೆ ಮೇಲೆದ್ದು ಮೂಗಿನ ಕೆಳಗೆ ಮುಟ್ಟಿ ನೋಡಿಕೊಂಡಿತು.

"ಅಳಿಲಾ?" ಎಂದರು.

ಅಫ್ಸರ್ ತಲೆಯೆತ್ತಿದ. "ನೀವು... ಕೇಳಿಸ್ತು ಅಂದ್ರಲ್ಲಾ?"

"ನನ್ ಬಸ್ಸಿನ ಗದ್ದಲದಲ್ಲಿ ಪಕ್ಕದಲ್ಲಿ ಸಿಡಿಲು ಬಡಿದ್ರೂ ಕೇಳಲ್ಲ ಕಣೋ! ತೋಪಿನ ಹತ್ರ ಒಂದಕ್ಷರ ಕೇಳಿಸ್ಲಿಲ್ಲ. ಹುಡುಗಿ ಮೂರು ದಿನದಿಂದ ಸರಿಯಾಗಿ ಅನ್ನ ತಿಂತಿಲ್ಲ. ಕೇಳಿಸ್ಲಿ ಬಿಡ್ಲಿ, ಕೇಳಿಸ್ತು ಅಂತ ನಾಕ್ ಜನರ ಎದುರಿಗೆ ಹೇಳಿ ಒಪ್ಕೊಂಡ್ ಬನ್ನಿ, ಇಲ್ಲಾಂದ್ರೆ ನಾನೂ ಒಲೆ ಹಚ್ಚಲ್ಲ ಅಂತ ಬೆಳಿಗ್ಗೆ ನನ್ ಹೆಂಡ್ತಿ ರಹೀಮುನ್ನೀಸಾ ಹೇಳಿ ಕಳಿಸಿದ್ಲು. ಅದಕ್ಕೇ ಸುಳ್ಳು ಹೇಳ್ದೆ."

ಬೀದಿಯ ಜನವೆಲ್ಲಾ ಒಟ್ಟಿಗೆ ಅಯ್ಯೋ ಎಂದರು. ಸಿದ್ದರಾಮು ಹಿಡಿದಿದ್ದ ಅಂಗಿಯ ಚುಂಗನ್ನು ಬಿಟ್ಟುಬಿಟ್ಟ.

ವಹಾಬ್ ಕಾಲು ಬಿಡಿಸಿಕೊಂಡು ಬಸ್ಸಿನತ್ತ ಹೊರಟರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದರು.

"ಈಗ ಕೇಳಿಸ್ತು," ಎಂದರು.