ದಾಕು ಎದ್ದಿತು, ಹಡಗು ಹೊರಟಿತು

ಪರದೇಶಕ್ಕೆ ಹೋಗಲು ಮುಖ್ಯವಾಗಿ ಬೇಕಾದದ್ದು ಧೈರ್ಯ ಎಂದು ನಾನು ತಿಳಿದಿದ್ದೆ. ಅದು ನನ್ನಲ್ಲಿ ಧಾರಾಳವಾಗಿತ್ತು. ನಿಜವಾಗಿ ಬೇಕಾದದ್ದು ತೋಳಿನ ಮೇಲೆ ಒಂದು ಗುಳ್ಳೆ ಎಂಬುದು ಆಮೇಲೆ ಗೊತ್ತಾಯಿತು.

ನಾನಾಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷ. ನಮ್ಮ ಚರಿತ್ರೆಯ ಲೆಕ್ಚರರು ಬೇಸಗೆ ರಜೆಯಲ್ಲಿ ಕೆಲವು ಹುಡುಗರನ್ನು ಸಿಲೋನಿಗೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವವರಿದ್ದರು. ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ಹಡಗು, ಆಚೆ ದಡದಲ್ಲಿ ಹಳೆಯ ಸ್ತೂಪಗಳು ಮತ್ತು ಅಲ್ಲಿನ ಕಾಲೇಜಿನ ಆತಿಥ್ಯ. ಉಳಿದವರನ್ನು ಅವರವರ ಅಂಕ ನೋಡಿ ಆರಿಸಿದರು. ನನ್ನ ಅಂಕವನ್ನು ನೋಡಿಯೂ ಆರಿಸಿದರು. ಕಾರಣ, ನನಗೆ ಇನ್ನೊಬ್ಬರ ದನಿ ತೆಗೆಯುವ ವಿದ್ಯೆ ಇತ್ತು. ಕಾಲೇಜು ದಿನಾಚರಣೆಯಲ್ಲಿ ನಾನು ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರನ್ನೂ ಮಾಡಿ ತೋರಿಸಿದ್ದೆ.

"ಅಲ್ಲಿ ಸಭೆಯಲ್ಲಿ ನಮ್ಮ ಕಡೆಯಿಂದ ಏನಾದರೊಂದು ಮನೋರಂಜನೆ ಬೇಕಾಗ್ತದೆ," ಎಂದರು ಲೆಕ್ಚರರು. "ನೀನು ಬಾ. ನನ್ನದೊಂದು ಮಾಡಬೇಡ."

ಯಾರಾದರೂ ತಪ್ಪಿದರೆ ಹೋಗಲು ಮೂಡುಬಿದಿರೆಯ ಧರ್ಮಪಾಲನನ್ನು ಕಾಯ್ದಿರಿಸಿದ್ದರು. ಅಂದಿನಿಂದ ಧರ್ಮಪಾಲನಿಗೆ ನನ್ನ ಆರೋಗ್ಯದ ಮೇಲೆ ಇದ್ದಕ್ಕಿದ್ದಂತೆ ಮಮತೆ ಹುಟ್ಟಿತು. "ಸ್ವಲ್ಪ ಬಾಡಿದ ಹಾಗೆ ಕಾಣ್ತಿ ಮಾರಾಯ. ನಿದ್ರೆ ಬರ್ತದಲ್ಲ?" ಎಂದು ದಿನಾ ವಿಚಾರಿಸುತ್ತಿದ್ದ. ಬರುತ್ತದೆ ಎಂದರೆ ಅವನ ಮುಖವೇ ಬಾಡುತ್ತಿತ್ತು.

ಷರತ್ತು ಒಂದೇ. ಸಿಡುಬಿನ ದಾಕು ಹಾಕಿಸಿಕೊಂಡ ಸರ್ಟಿಫಿಕೇಟು ಇಲ್ಲದವನನ್ನು ಹಡಗಿಗೆ ಹತ್ತಿಸುವುದಿಲ್ಲ. ನನ್ನ ತೋಳಿನಲ್ಲಿ ದಾಕಿನ ಕಲೆಯೇ ಇರಲಿಲ್ಲ. ಪುಂಜಾಲಕಟ್ಟೆಯ ಹತ್ತಿರದ ನಮ್ಮ ಊರಿಗೆ ದಾಕು ಹಾಕುವವರು ಬಂದಾಗಲೆಲ್ಲ ಅಜ್ಜಿ ನನ್ನನ್ನು ಭತ್ತ ತುಂಬುವ ಮರದ ಪತ್ತಾಯದೊಳಗೆ ಕೂರಿಸಿ, ಮುಚ್ಚಳ ಹಾಕಿ, ಮೇಲೆ ತಾನು ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ನನ್ನ ಓರಗೆಯವರೆಲ್ಲ ತಂತಮ್ಮ ಪತ್ತಾಯಗಳಲ್ಲಿ ಹೀಗೆಯೇ ಬೆಳೆದವರು.

ಬಂಟ್ವಾಳ ಪೇಟೆಯ ಡಾಕ್ಟರು ನನ್ನ ಎಡತೋಳನ್ನು ಗೀರಿ ದಾಕು ಹಾಕಿದರು. "ಮುಂದಿನ ವಾರ ಬಂದು ತೋರಿಸು. ಗುಳ್ಳೆ ಎದ್ದಿದ್ದರೆ ಸಹಿ ಹಾಕ್ತೇನೆ. ಏಳದಿದ್ದರೆ ನೀನು ಪಾಣೆಮಂಗಳೂರಿನ ಸೇತುವೆ ದಾಟಬಹುದು, ಸಮುದ್ರ ದಾಟಲಿಕ್ಕಿಲ್ಲ."

ಮನೆಗೆ ಬಂದೆ. ಅಜ್ಜಿ ತೋಳು ನೋಡಿದಳು. ಸರ್ಕಾರದವರು ಮೊಮ್ಮಗನಿಗೆ ಚುಚ್ಚಿದ ವಿಷವನ್ನು ಇಳಿಸುವುದು ತನ್ನ ಕರ್ತವ್ಯವೆಂದು ಬಗೆದು, ನಾನು ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಾಗ ಗಾಯವನ್ನು ಲಿಂಬೆರಸದಿಂದ ತಿಕ್ಕಿ, ಅರಸಿನ ಮತ್ತು ಸುಣ್ಣ ಮೆತ್ತಿದಳು. ಒಂದು ವಾರ ಕಳೆಯಿತು. ಗುಳ್ಳೆ ಏಳಲಿಲ್ಲ.

"ಏನಾದರೂ ಹಚ್ಚಿದ್ದೀಯಾ?" ಎಂದರು ಡಾಕ್ಟರು.

"ಇಲ್ಲ ಡಾಕ್ಟರೇ."

"ಹಾಗಾದರೆ ತೋಳು ಮದುಮಗಳ ಹಾಗೆ ಹಳದಿ ಯಾಕೆ?"

ಈ ಸಲ ಎರಡೂ ತೋಳಿಗೆ ದಾಕು ಬಿತ್ತು. ಡಾಕ್ಟರು ಗೀರಿದ ರಭಸದಲ್ಲಿ ವೈದ್ಯಶಾಸ್ತ್ರಕ್ಕಿಂತ ಸಿಟ್ಟು ಹೆಚ್ಚಿತ್ತು. ರೈಲು ಹೊರಡಲು ಇನ್ನು ಒಂದೂವರೆ ವಾರ ಮಾತ್ರ. ಈ ಸಲ ಏಳಲೇಬೇಕು. ನಾನು ಎರಡೂ ಕೈಗಳನ್ನು ಹದ್ದಿನಂತೆ ಅಗಲಿಸಿ ಮಲಗತೊಡಗಿದೆ. ಅಜ್ಜಿ ಹತ್ತಿರ ಬಂದರೆ ಅಂಗಳಕ್ಕೆ ಹಾರುತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆದರೆ ಸಿದ್ಧತೆಯ ಹುಚ್ಚು ಒಮ್ಮೆ ಹಿಡಿದರೆ ಬಿಡುತ್ತದೆಯೇ? ನಮ್ಮದು ಅಳಿಯಸಂತಾನದ ಮನೆ. ಅಪ್ಪ ಒಪ್ಪಿದರೆ ಅರ್ಧ, ಸೋದರಮಾವ ಒಪ್ಪಿದರೆ ಪೂರ್ತಿ. ಮಾವ ಒಪ್ಪಿದ್ದಲ್ಲದೆ ತನ್ನ ಮದುವೆಗೆ ಹೊಲಿಸಿದ ಉಣ್ಣೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟರು.

"ಹೊರದೇಶ ಅಂದ ಮೇಲೆ ಚಳಿ ಇಲ್ಲದೆ ಇರ್ತದಾ?" ಎಂದರು. ಮಾವ ಕೋರ್ಟಿನಲ್ಲಿ ಮೂರು ವ್ಯಾಜ್ಯ ಗೆದ್ದವರು. ಅವರ ಮಾತಿಗೆ ಅಪೀಲು ಇರಲಿಲ್ಲ.

ಸಿಲೋನ್ ನಮಗಿಂತಲೂ ಭೂಮಧ್ಯರೇಖೆಗೆ ಹತ್ತಿರ, ಆದುದರಿಂದ ಅಲ್ಲಿ ಸೆಕೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆದರೆ ಪರೀಕ್ಷೆಯಲ್ಲಿ ಬರೆದದ್ದನ್ನು ನಂಬಬೇಕೆಂದು ಯಾರೂ ಹೇಳಿರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು, ಗುಂಡಿ ಹಾಕಿ, ಅಭ್ಯಾಸಕ್ಕೆಂದು ದಿನಾ ಪುಂಜಾಲಕಟ್ಟೆಯವರೆಗೆ ನಡೆದು ಬರತೊಡಗಿದೆ.

"ಎಂತ ಶೇಖರಣ್ಣ, ಮದುವೆಯಾ? ಜ್ವರವಾ?" ಎಂದು ಕೇಳಿದ ಚಾ ಹೋಟೆಲಿನ ಕೊಗ್ಗಣ್ಣ.

"ಫಾರಿನ್ನಿಗೆ ಅಭ್ಯಾಸ."

"ಓಹೋ. ಹಾಗಾದರೆ ಒಳಗೆ ಒಲೆಯ ಹತ್ತಿರ ಕೂತುಕೊಳ್ಳಿ. ಇನ್ನೂ ಬೇಗ ಅಭ್ಯಾಸ ಆಗ್ತದೆ."

ನಾಲ್ಕೈದು ದಿನ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಎರಡು ಶುಭ ಸಮಾಚಾರ ಒಟ್ಟಿಗೆ ಬಂದವು. ಎರಡೂ ತೋಳಿನ ದಾಕು ಅಡಿಕೆಯ ಗಾತ್ರಕ್ಕೆ ಎದ್ದು, ಅದರ ಜೊತೆ ಜ್ವರವೂ ಬಂತು. ಕೋಟಿನ ಒಳಗೆ ಬೆಂದ ಎದೆ, ಬೆನ್ನು, ಕುತ್ತಿಗೆಯ ತುಂಬ ಬೆವರುಗುಳ್ಳೆ ಎದ್ದಿತು. ನಾನು ಜ್ವರದಲ್ಲೂ ಸಂತೋಷದಿಂದ, "ಅಜ್ಜೀ, ಎದ್ದಿತು! ಬಂದು ನೋಡು!" ಎಂದು ಕೂಗಿದೆ.

ಅಜ್ಜಿ ಬಂದು ನೋಡಿದಳು. ಕೈ ಮುಗಿದಳು. ನನಗಲ್ಲ.

"ಅಮ್ಮ ಬಂದಿದ್ದಾಳೆ," ಎಂದಳು.

ಮೈಮೇಲೆ ಸಿಡುಬು ಎದ್ದರೆ ಅದು ದೇವಿ ಮನೆಗೆ ಬಂದಂತೆ. ಬಂದವಳನ್ನು ಗೌರವದಿಂದ ಇರಿಸಿಕೊಂಡು, ಮೂರು ಸಲ ಬೇವಿನ ನೀರು ಮೀಸಿ, ಗೌರವದಿಂದಲೇ ಕಳುಹಿಸಬೇಕು. ಅಲ್ಲಿಯವರೆಗೆ ರೋಗಿ ಹೊಸ್ತಿಲು ದಾಟುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಅರ್ಧ ಗಂಟೆಯಲ್ಲಿ ಅಂಗಳದ ಹೊರಬಾಗಿಲಾದ ದಣಪೆಗೆ ಬೇವಿನ ಸೊಪ್ಪು ಕಟ್ಟಿಯಾಯಿತು. ಅಡಿಗೆಮನೆಯಲ್ಲಿ ಒಗ್ಗರಣೆ ನಿಂತಿತು, ಮೀನು ನಿಂತಿತು. ನನ್ನನ್ನು ಮೂಲೆಯ ಕೋಣೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸಿದರು.

"ಅಜ್ಜೀ, ಇದು ಬೆವರುಗುಳ್ಳೆ. ಕೋಟಿನದ್ದು."

"ಶ್! ಅಮ್ಮನಿಗೆ ಹಾಗೆಲ್ಲ ಹೇಳಬಾರದು ಮಗಾ. ಸಿಟ್ಟು ಬರ್ತದೆ."

ಮಾವ ಬಾಗಿಲಿನಿಂದ ದೂರದಲ್ಲಿ ನಿಂತು, "ಬೆವರುಗುಳ್ಳೆ ಇದ್ದರೂ ಇರಬಹುದಾ ಏನೋ," ಎಂದರು. ಅಜ್ಜಿ ಅವರನ್ನು ಒಮ್ಮೆ ನೋಡಿದಳು. ಮೂರು ವ್ಯಾಜ್ಯ ಗೆದ್ದ ಮಾವ ಮೀನಿಲ್ಲದ ಗಂಜಿ ಉಣ್ಣಲು ಒಳಗೆ ಹೋದರು.

ಲೆಕ್ಕ ನೇರವಾಗಿತ್ತು. ಶುಕ್ರವಾರ ಸಂಜೆ ಮಂಗಳೂರಿನಿಂದ ರೈಲು. ಅದರೊಳಗೆ ಬಂಟ್ವಾಳಕ್ಕೆ ಹೋಗಿ ಗುಳ್ಳೆ ತೋರಿಸಿ ಸಹಿ ಪಡೆಯಬೇಕು. ಮೂರನೆಯ ನೀರು ಮುಗಿಯುವಾಗ ಮುಂದಿನ ವಾರ ಆಗುತ್ತಿತ್ತು. ಅಮ್ಮನನ್ನು ಮನೆಯಿಂದ ಹೊರಡಿಸಲು ಅಮ್ಮನಿಗೆ ಮಾತ್ರ ಸಾಧ್ಯ. ಆಗ ನನಗೆ ನನ್ನ ವಿದ್ಯೆ ನೆನಪಾಯಿತು.

ಗುರುವಾರ ಮಧ್ಯಾಹ್ನ ಅಜ್ಜಿ ಎಳನೀರು ಹಿಡಿದು ಬರುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮೈ ನಡುಗಿಸಿದೆ. ಗಂಟಲಿನ ಆಳದಿಂದ ಒಂದು ಗಂಭೀರವಾದ ಹೆಣ್ಣು ದನಿ ತೆಗೆದೆ. "ಎಲೈ ವೃದ್ಧೆಯೇ! ನಾನು ಸಂತುಷ್ಟಳಾಗಿದ್ದೇನೆ. ಈ ಬಾಲಕನನ್ನು ಇಂದೇ ಬಂಟ್ವಾಳಕ್ಕೆ ಕಳುಹಿಸಿಕೊಡು. ಅಲ್ಲಿಂದ ಇವನು ಸಮುದ್ರವನ್ನು ದಾಟತಕ್ಕದ್ದು."

ಎಳನೀರಿನ ಚೆಂಬು ಕೆಳಗಿಟ್ಟ ಸದ್ದು ಕೇಳಿತು. ಅಜ್ಜಿ ನಮ್ಮ ಮನೆಮಾತಾದ ತುಳುವಿನಲ್ಲಿ ಶಾಂತವಾಗಿ ಕೇಳಿದಳು: "ಅಮ್ಮಾ, ನಿನಗೆ ತುಳು ಬರುವುದಿಲ್ಲವಾ? ಇಷ್ಟು ವರ್ಷ ಈ ಮಣ್ಣಿನಲ್ಲೇ ಇದ್ದಿ."

ಇದನ್ನು ನಾನು ಆಲೋಚಿಸಿರಲಿಲ್ಲ. ದೇವಿ ತಕ್ಷಣ ತುಳುವಿಗೆ ಇಳಿದಳು. "ಬರ್ತದೆ. ಹುಡುಗನನ್ನು ಕಳಿಸು."

"ಕಳಿಸುತ್ತೇನಮ್ಮ. ಮೂರು ನೀರು ಮೀಸಿ ಕಳಿಸುತ್ತೇನೆ."

"ನನಗೆ ನೀರು ಬೇಡ. ನಾನು ಈಗಲೇ ಹೊರಟೆ."

"ಹಾಗೆ ಹೊರಡಬಾರದು. ಬಂದವರು ಊಟ ಮಾಡದೆ ಹೋದರೆ ಮನೆಗೆ ಮರ್ಯಾದೆಯಾ? ನೀನು ಬಾಯಿ ಬಿಟ್ಟು ಮಾತಾಡಿದ್ದಿ ಅಂದ ಮೇಲೆ ನಿನಗೊಂದು ಪೂಜೆ ಕೊಡದೆ ನಾವು ಕಳಿಸುವುದು ಹೇಗೆ? ಐದು ನೀರು ಮೀಸುತ್ತೇನೆ."

ದೇವಿ ಇನ್ನೂ ನಾಲ್ಕು ಮಾತು ಆಡಿದ್ದರೆ ಏಳು ನೀರು ಆಗುತ್ತಿತ್ತು. ದೇವಿ ಬಾಯಿ ಮುಚ್ಚಿಕೊಂಡಳು.

ಅದೇ ಹೊತ್ತಿಗೆ ಕಿಟಕಿಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ದಣಪೆಯ ಹೊರಗೆ, ಬೇವಿನ ಸೊಪ್ಪಿನ ಕೆಳಗೆ, ಧರ್ಮಪಾಲ ನಿಂತಿದ್ದ. ನನ್ನ ಆರೋಗ್ಯ ವಿಚಾರಿಸಲು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದಿದ್ದ. ಕೈಯಲ್ಲಿ ಕಿತ್ತಳೆ ಹಣ್ಣಿನ ಪೊಟ್ಟಣ, ತೋಳಿನಲ್ಲಿ ಮೂರು ವಾರ ಹಳೆಯ, ಚೆನ್ನಾಗಿ ಒಣಗಿದ ದಾಕಿನ ಕಲೆ. ಕಾಯ್ದಿರಿಸಿದವನು ಯಾವುದಕ್ಕೂ ಇರಲಿ ಎಂದು ಮೊದಲೇ ಹಾಕಿಸಿಕೊಂಡು ಸಹಿಯನ್ನೂ ಪಡೆದಿದ್ದ.

"ಶೇಖರಾ," ಎಂದು ಅಲ್ಲಿಂದಲೇ ಕರೆದ. ದನಿಯಲ್ಲಿ ದುಃಖ ತುಂಬಿ ತುಳುಕುತ್ತಿತ್ತು. "ವಿಶ್ರಾಂತಿ ತಗೋ ಮಾರಾಯ. ಅವಸರ ಮಾಡಬೇಡ. ಸಾರ್ ಹತ್ತಿರ ನಾನು ಹೇಳ್ತೇನೆ."

"ಏ ಧರ್ಮಪಾಲಾ, ಇದು ಬೆವರುಗುಳ್ಳೆ!"

"ಹೌದು ಹೌದು," ಎಂದ, ರೋಗಿಯನ್ನು ಸಮಾಧಾನಪಡಿಸುವವನ ಹಾಗೆ. ಕಿತ್ತಳೆಯನ್ನು ಕಲ್ಲಿನ ಮೇಲಿಟ್ಟು, ಬಸ್ಸಿನ ಕಡೆ ಓಡಿದ. ದುಃಖದಲ್ಲಿರುವವರು ಅಷ್ಟು ಬೇಗ ಓಡುವುದನ್ನು ನಾನು ನೋಡಿರಲಿಲ್ಲ.

ಶುಕ್ರವಾರ ಸಂಜೆ ಮಂಗಳೂರಿನಿಂದ ರೈಲು ಹೊರಟಿತು. ನಾನು ಅದೇ ಹೊತ್ತಿಗೆ ಹಿತ್ತಲಿನಲ್ಲಿ ಒಂದನೆಯ ನೀರು ಮೀಯುತ್ತಿದ್ದೆ.

ಜೂನಿನಲ್ಲಿ ಕಾಲೇಜು ತೆರೆಯಿತು. ಪ್ರವಾಸಿಗರಿಗೆ ಸನ್ಮಾನದ ಸಭೆ. ಸಿಲೋನಿನಲ್ಲಿ ನಮ್ಮ ಕಡೆಯ ಮನೋರಂಜನೆ ಬಹಳ ಮೆಚ್ಚುಗೆ ಪಡೆಯಿತೆಂದೂ, ಅದನ್ನು ನಡೆಸಿಕೊಟ್ಟ ಧರ್ಮಪಾಲ ಈಗ ಇಲ್ಲಿಯೂ ಮಾಡುವನೆಂದೂ ಲೆಕ್ಚರರು ಘೋಷಿಸಿದರು. ನನಗೆ ನಗು ಬಂತು. ಧರ್ಮಪಾಲನಿಗೆ ತನ್ನ ದನಿಯಲ್ಲೇ ಸರಿಯಾಗಿ ಮಾತಾಡಲು ಬರುತ್ತಿರಲಿಲ್ಲ.

ಅವನು ವೇದಿಕೆಗೆ ಬಂದ. ಮೂಗಿನಲ್ಲಿ ಮಾತಾಡುವ, ಎರಡು ಮಾತಿಗೊಮ್ಮೆ ಕತ್ತು ಚಾಚಿ ಯಾರು ಯಾರು ನಕ್ಕರೆಂದು ನೋಡುವ ಒಬ್ಬ ಹುಡುಗನನ್ನು ಮಾಡಿ ತೋರಿಸತೊಡಗಿದ. ಎಂಥ ಕಸುಬುಗಾರಿಕೆ! ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ. ಇಂಥ ಪ್ರಾಣಿಯನ್ನು ಇವನು ಎಲ್ಲಿ ಹಿಡಿದ? ಮುಂದಿನ ಬೆಂಚಿನವರೆಲ್ಲ ನಗುತ್ತಾ ಹಿಂದೆ ತಿರುಗಿ ನೋಡುತ್ತಿದ್ದರು. ನಾನೂ ನನ್ನ ಹಿಂದೆ ತಿರುಗಿ ನೋಡಿದೆ. ಅಲ್ಲಿ ಗೋಡೆ ಇತ್ತು.

ಕತ್ತು ಚಾಚಿ ಪಕ್ಕದವನನ್ನು ಕೇಳಿದೆ: "ಒಳ್ಳೆ ಮಾಡ್ತಾನೆ ಮಾರಾಯ. ಯಾರದ್ದು ಇದು?"